ಗೆರೆ ಹೋಯಿತು, ಗಾಯ ಉಳಿಯಿತು

ಫೌಂಡ್ರಿ ಲ್ಯಾಬುಗಳಲ್ಲಿ ದುಡಿಯುವವರು, ಡಿಪ್ಲೊಮಾ ಓದುವ ಹುಡುಗರು ಬರೆಯುವ ಪತ್ರಗಳಲ್ಲೆಲ್ಲ ಒಂದೇ ಗೋಳು: “ಮೈಕ್ರೋಸ್ಕೋಪಿಗೆಂದು ಪಾಲಿಶ್ ಮಾಡಿದ ಲೋಹದ ಸ್ಯಾಂಪಲ್ ಕನ್ನಡಿ ಹಾಗೆ ಹೊಳೀತಿತ್ತು ಸಾರ್. ನೈಟಾಲ್ ಆಸಿಡ್ ಹಾಕಿದ ಕೂಡಲೇ ಹೋದ ಗೆರೆಗಳೆಲ್ಲ ಎದ್ದು ಕೂತವು. ಯಾವ ಪೇಸ್ಟ್ ಕೊಳ್ಳೋಣ?”

ಪೇಸ್ಟಿನ ಮಾತು ಆಮೇಲೆ. ನಮ್ಮೂರು ಹಿರೇನಲ್ಲೂರು. ಮಳೆ ಬಿದ್ದ ಹೊಲದಲ್ಲಿ ಹೇರು ತುಂಬಿದ ಗಾಡಿ ಹಾದರೆ ಚಕ್ರದ ಜಾಡು ಬೀಳುತ್ತದೆ. ಗುದ್ದಲಿಯಿಂದ ಮೇಲೆ ಸಮ ಮಾಡಿದರೆ ಕಣ್ಣಿಗೇನೂ ಕಾಣದು. ಆದರೆ ಅಡಿಯ ಮಣ್ಣು ಅದುಮಿಕೊಂಡು ಗಟ್ಟಿಯಾಗಿರುತ್ತದೆ. ರಾಗಿ ಬಿತ್ತಿದರೆ ಆ ಜಾಡಿನುದ್ದಕ್ಕೂ ಪೈರು ಗಿಡ್ಡ. ಲೋಹದಲ್ಲೂ ಹೀಗೇ. ಎಮೆರಿ ಕಾಗದದ ಕಣ ಗೆರೆ ಕೊರೆಯುವಾಗ ಕೆಳಗಿನ ಹರಳುಗಳನ್ನೂ ಅದುಮಿ ತಿರುಚಿರುತ್ತದೆ. ಆ ಕೆಟ್ಟ ಪದರ ಗೆರೆಗಿಂತ ಹಲವು ಪಟ್ಟು ಆಳ. ನೀವು ಅಳಿಸಿದ್ದು ಗೆರೆಯನ್ನು, ಪದರ ಅಲ್ಲೇ ಇದೆ. ನೈಟಾಲ್ ಅದನ್ನು ಬೇರೆ ವೇಗದಲ್ಲಿ ತಿಂದು ತೋರಿಸಿಕೊಡುತ್ತದೆ, ಅಷ್ಟೇ.

ಆದ್ದರಿಂದ ಕಾಗದ ಬದಲಿಸಿದಾಗ ಸ್ಯಾಂಪಲನ್ನು 90 ಡಿಗ್ರಿ ತಿರುಗಿಸಿ. ಹಿಂದಿನ ಗೆರೆ ಮಾಯವಾದ ಮೇಲೆ, ಅದಕ್ಕೆ ಹಿಡಿದಷ್ಟೇ ಹೊತ್ತು ಮತ್ತೆ ಉಜ್ಜಿ. ಮತ್ತೆ ಹೇಳುತ್ತೇನೆ, ಗೆರೆ ಹೋದಾಗ ಅರ್ಧ ಕೆಲಸವಾಯಿತು. ಇನ್ನರ್ಧ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಎಲ್ಲರೂ ಬಿಡುವುದು.

ಸವೆದ ಕಾಗದವನ್ನು ಒತ್ತಿ ಉಜ್ಜಿದರೆ ನಯವಾಗುತ್ತದೆ ಎನ್ನುವವರಿದ್ದಾರೆ. ಇದನ್ನು ಕೇಳಿದರೆ ನನಗೆ ರೇಗುತ್ತದೆ. ಸವೆದ ಕಣ ಕತ್ತರಿಸುವುದಿಲ್ಲ, ಸವರುತ್ತದೆ. ಪದರ ಇನ್ನೂ ದಪ್ಪವಾಗುತ್ತದೆ. ಸಿಲಿಕಾನ್ ಕಾರ್ಬೈಡ್ ಕಾಗದದ ಹರಿತ ಒಂದೆರಡು ನಿಮಿಷದ್ದು. ಕಾಗದದಲ್ಲಿ ಉಳಿಸಿದ್ದು ಪೇಸ್ಟಿನಲ್ಲಿ ಹೋಗುತ್ತದೆ.

ಕಾಗದ ಕೊಳ್ಳುವಾಗ ನಂಬರಿಗೆ ಮೊದಲು ‘ಪಿ’ ಇದೆಯೇ ನೋಡಿ. ‘ಪಿ’ ಇಲ್ಲದ, ಅಮೆರಿಕದ ಲೆಕ್ಕದ 600ರಲ್ಲಿ ಕಣ ಸುಮಾರು 16 ಮೈಕ್ರಾನ್. ಪಿ-600ರಲ್ಲಿ ಸುಮಾರು 26. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು, ಆಮೇಲೆ ಮೆಷಿನ್ ಸರಿಯಿಲ್ಲವೆಂದು ಬೈದವರನ್ನು ಕಂಡಿದ್ದೇನೆ.

ಇನ್ನು ಬೀಡುಕಬ್ಬಿಣ. ಭದ್ರಾವತಿಯಲ್ಲಿ 1923ರಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆದ ಸೀಮೆ ನಮ್ಮದು. ನಾನು ಕೈ ಪಳಗಿಸಿಕೊಂಡದ್ದೂ ಬೀಡಿನ ಮೇಲೆಯೇ. ಅದರಲ್ಲಿ ಗ್ರಾಫೈಟಿನ ಎಸಳುಗಳಿವೆ, ಬಲು ಮೆತ್ತಗೆ. ವೆಲ್ವೆಟ್ ಬಟ್ಟೆಯ ಮೇಲೆ ಬಹಳ ಹೊತ್ತು ಹಿಡಿದರೆ ಕಿತ್ತುಬರುತ್ತವೆ, ಕಪ್ಪು ಗುಂಡಿ ಉಳಿಯುತ್ತದೆ. ಒಂದು ಲ್ಯಾಬಿನಲ್ಲಿ ಆ ಗುಂಡಿಗಳನ್ನೇ ಎರಕದ ತೂತು ಎಂದು ಬರೆದು ಒಳ್ಳೆಯ ಎರಕವನ್ನು ವಾಪಸು ಕಳಿಸಿದ್ದರು. ಹಾಗೆ ಬರೆದವನು ನಾನೇ. 6 ಮತ್ತು 3 ಮೈಕ್ರಾನ್ ವಜ್ರದ ಪೇಸ್ಟಿಗೆ ನವಿರೆಳೆ ಇಲ್ಲದ ಗಟ್ಟಿ ಬಟ್ಟೆ ಹಾಕಿ. ವೆಲ್ವೆಟ್ ಕೊನೆಯ 1 ಮೈಕ್ರಾನಿಗೆ ಸಾಕು, ಅದೂ ಸ್ವಲ್ಪವೇ ಹೊತ್ತು. ಇಷ್ಟಾದರೂ ಹಳೆಯ ಗೆರೆ ಎದ್ದರೆ ನೈಟಾಲ್ ಹಗುರವಾಗಿ ತಾಗಿಸಿ ಮತ್ತೆ ಪಾಲಿಶ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಪದರ ಕಳಚುತ್ತದೆ.

ಸ್ಟುಡಿಯೋದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅಲ್ಯೂಮಿನಿಯಂ ಬಗ್ಗೆ ಕೇಳಿದವರಿಗೆ ಎರಡೇ ಮಾತು: ಕಾಗದದ ಕಣ ಮೆತ್ತನೆ ಲೋಹದಲ್ಲಿ ನೆಟ್ಟುಕೊಳ್ಳುತ್ತದೆ, ಹಗುರವಾಗಿ ಒತ್ತಿ, ನೀರು ಧಾರಾಳವಾಗಿರಲಿ. ಕೊನೆಗೆ ಕೊಲಾಯ್ಡಲ್ ಸಿಲಿಕಾ ಬಳಸಿದರೆ, ಮೆಷಿನ್ ನಿಲ್ಲಿಸುವ ಮುಂಚೆಯೇ ಬಟ್ಟೆಯ ಮೇಲೆ ನೀರು ಬಿಟ್ಟು ಸ್ಯಾಂಪಲ್ ತೊಳೆಯಿರಿ. ಒಣಗಿತೋ, ಮತ್ತೆ ಬಿಡಿಸಲಾಗದು.