ಕೋಟಿ ರೂಪಾಯಿಯ ಗಾಡಿ, ಅಡಿಕೆ ತೋಟದ ಸಾಲ

(ತಾಲ್ಲೂಕಿನ ಬೆಳೆಗಾರರು ಮತ್ತು ವಾಹನ ಚಾಲಕರ ಸಭೆಯಲ್ಲಿ ಹಿರಿಯ ಮೆಕ್ಯಾನಿಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನಲವತ್ತು ವರ್ಷ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವನು. ಎದ್ದು ನಿಂತು ಮಾತನಾಡುವ ಅಭ್ಯಾಸ ಕಡಮೆ. ಆದರೂ ಈ ವಿಷಯವನ್ನು ನೀವೇ ಹೇಳಬೇಕೆಂದು ಇಲ್ಲಿನ ಗೆಳೆಯರು ಹಟ ಹಿಡಿದುದರಿಂದ ಬಂದಿದ್ದೇನೆ. ನಮ್ಮ ತರುಣರು ಈಚೆಗೆ ಹಂಬಲಿಸುತ್ತಿರುವ ಐಷಾರಾಮಿ ಗುಡ್ಡಗಾಡು ಮೋಟಾರುಗಳು, ಎಸ್.ಯು.ವಿ. ಎಂದು ಕರೆಯುತ್ತಾರಲ್ಲ, ಅವುಗಳನ್ನು ಹೊಸದಾಗಿ ಕೊಳ್ಳುವುದು ಲೇಸೋ, ಹಳೆಯದನ್ನು ಕೊಳ್ಳುವುದು ಲೇಸೋ ಎಂಬುದು ಪ್ರಶ್ನೆ.

ಇದು ಶ್ರೀಮಂತರ ಮಾತು, ನಮಗೇಕೆ ಎಂದು ಕೆಲವರು ಹಿಂದಿನ ಸಾಲಿನಲ್ಲಿ ನಗುತ್ತಿದ್ದೀರಿ. ಸ್ವಲ್ಪ ತಾಳಿ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತನ್ನ ಗಾಡಿಯನ್ನು ಎಳೆಸಿಕೊಂಡು ನಮ್ಮ ಷೆಡ್ಡಿಗೆ ಬಂದ. ಗಾಡಿ ವಿಲಾಯತಿಯದು, ಏಳು ವರ್ಷ ಹಳೆಯದು, ಮುಂದಿನ ಬಲಗಾಲು ಮುರಿದ ಎತ್ತಿನ ಹಾಗೆ ಒಂದು ಕಡೆಗೆ ವಾಲಿ ನಿಂತಿತ್ತು. ಹುಡುಗನ ತಂದೆಯೂ ಜೊತೆಗೆ ಬಂದಿದ್ದರು. ಒಳಗೆ ಬರಲಿಲ್ಲ, ರಸ್ತೆಯಲ್ಲೇ ಕೊಡೆ ಹಿಡಿದು ನಿಂತಿದ್ದರು. ಆ ಮನೆಯ ಅಜ್ಜ ಗೇಣಿ ಒಕ್ಕಲು. 1974ರ ತಿದ್ದುಪಡಿಯಾದ ಮೇಲೆ ಫಾರಂ 7 ಹಾಕಿ, ಭೂನ್ಯಾಯಮಂಡಳಿಗೆ ಅಲೆದು ಅಲೆದು, ಮೂರು ಎಕರೆಗೆ ಒಡೆಯನಾದವನು. ಆ ಮೂರು ಎಕರೆಯನ್ನೇ ಆಧಾರ ಬರೆದುಕೊಟ್ಟು ಮೊಮ್ಮಗ ಈ ಗಾಡಿ ತಂದಿದ್ದ. ಆದುದರಿಂದ ಇದು ನಮ್ಮ ಮಾತೇ ಹೌದು.

ಈ ಜಾತಿಯ ಗಾಡಿಗಳ ಹುಟ್ಟನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಲ್ಯಾಂಡ್ ರೋವರ್ ಎಂಬ ಹೆಸರನ್ನು ಕೇಳಿದ್ದೀರಿ. ಅದನ್ನು ಮೊದಲು ಮಾಡಿದ್ದು ಸಾಹುಕಾರರಿಗಲ್ಲ, ರೈತರಿಗೆ! ರೋವರ್ ಕಂಪೆನಿಯ ಮುಖ್ಯ ಇಂಜಿನಿಯರ್ ಮಾರಿಸ್ ವಿಲ್ಕ್ಸ್ ಎಂಬವನಿಗೆ ವೇಲ್ಸಿನ ಆಂಗ್ಲ್‌ಸೀ ದ್ವೀಪದಲ್ಲಿ ಜಮೀನಿತ್ತು. ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟ ಜೀಪೊಂದನ್ನು ಆತ ಅಲ್ಲಿ ಓಡಿಸುತ್ತಿದ್ದ. ಅದು ಹಾಳಾದರೆ ಬದಲಿಗೆ ಏನು ತರುವುದೆಂಬ ಯೋಚನೆಯಿಂದ ಹುಟ್ಟಿದ್ದು ಈ ಗಾಡಿ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅದನ್ನು ಜನರ ಮುಂದಿಟ್ಟರು. ಉಕ್ಕಿಗೆ ಬರಗಾಲವಿದ್ದುದರಿಂದ ಮೈಗೆ ಅಲ್ಯೂಮಿನಿಯಂ ಹಾಕಿದರು. ಇಂಜಿನ್ನಿನ ಶಕ್ತಿಯನ್ನು ಹೊರಗೆ ತೆಗೆದು ಗರಗಸವನ್ನೂ ಒಕ್ಕಣೆ ಯಂತ್ರವನ್ನೂ ಓಡಿಸಬಹುದಾಗಿತ್ತು. ಮುಂದೆ 1970ರಲ್ಲಿ ರೇಂಜ್ ರೋವರ್ ಬಂದಾಗಲೂ ಒಳಗಿನ ಕೆಸರನ್ನು ನೀರು ಬಿಟ್ಟು ತೊಳೆಯುವಂತೆಯೇ ಇತ್ತು. ಅಲ್ಲಿಂದ ಮುಂದೆ ಚರ್ಮದ ಗಾದಿ ಬಂತು, ಮರದ ಹಲಗೆ ಬಂತು, ಬೆಲೆ ಬೆಟ್ಟ ಹತ್ತಿತು. 2008ರಲ್ಲಿ ನಮ್ಮ ಟಾಟಾದವರು ಫೋರ್ಡ್ ಕಂಪೆನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡರು. ಸ್ಪಾನರು ಹಿಡಿದು ಬಿಚ್ಚಬಹುದಾಗಿದ್ದ ಹಳೆಯ ಡಿಫೆಂಡರಿನ ತಯಾರಿಕೆ 2016ರ ಜನವರಿ 29ಕ್ಕೆ ನಿಂತಿತು. 2019ರಲ್ಲಿ ಹೊರಬಂದ ಹೊಸ ಡಿಫೆಂಡರ್ ಬೇರೆಯೇ ಪ್ರಾಣಿ. ಅದರಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ. ಕಂಪ್ಯೂಟರು ಒಪ್ಪಿಗೆ ಕೊಡದೆ ಕೆಲವು ಭಾಗಗಳನ್ನು ಬದಲಿಸಿದರೂ ಅವು ಕೆಲಸ ಮಾಡವು. ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಏರ್ ಸಸ್ಪೆನ್ಷನ್ನಿನ ಮಾದರಿ 900 ಮಿಲಿಮೀಟರ್ ಆಳದ ನೀರಿನಲ್ಲಿ ನಡೆಯುತ್ತದೆ. ಅದನ್ನು ಮಾಡಿದ ಕೆಲಸಗಾರರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದನ್ನು ರಿಪೇರಿ ಮಾಡತಕ್ಕವನು ನಮ್ಮ ತಾಲ್ಲೂಕಿನಲ್ಲಿಲ್ಲ, ನಾನೂ ಅಲ್ಲ.

ಈಗ ಹೊಸ ಗಾಡಿಯ ಲೆಕ್ಕ. ಅಂಗಡಿಯ ಬೆಲೆ ಒಂದು ಕೋಟಿ ಎಂದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳಿಗೆ ಜಿ.ಎಸ್.ಟಿ. ನೂರಕ್ಕೆ 40, ಅದಕ್ಕೂ ಮೊದಲು ಸೆಸ್ಸು ಸೇರಿ 50 ಇತ್ತು. ಅಂದರೆ ಆ ಕೋಟಿಯೊಳಗೆ ಸುಮಾರು ಇಪ್ಪತ್ತೆಂಟೂವರೆ ಲಕ್ಷ ತೆರಿಗೆಯೇ ಇದೆ. (ಟ್ರ್ಯಾಕ್ಟರಿನ ತೆರಿಗೆ 12ರಿಂದ 5ಕ್ಕೆ ಇಳಿದದ್ದೂ ಅದೇ ದಿನ. ಆ ಸುದ್ದಿಯನ್ನು ನಮ್ಮ ಹುಡುಗರು ಅಷ್ಟು ಸಡಗರದಿಂದ ಹಂಚಿಕೊಳ್ಳಲಿಲ್ಲ.) ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ, ಇಪ್ಪತ್ತು ಲಕ್ಷ ದಾಟಿದ ಗಾಡಿಗೆ ನೂರಕ್ಕೆ 18. ಅದಕ್ಕೆ ಸೆಸ್ಸೂ ಸೇರಿದರೆ ಇಪ್ಪತ್ತು ಲಕ್ಷದ ಹತ್ತಿರ. ಆಮೇಲೆ ಹತ್ತು ಲಕ್ಷ ಮೀರಿದ ಕಾರಿಗೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿದುಕೊಳ್ಳುತ್ತಾರೆ, ಅದು ಒಂದು ಲಕ್ಷ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ನಾವೇಕೆ ರಿಟರ್ನ್ ಸಲ್ಲಿಸಬೇಕು ಎನ್ನುವ ಬೆಳೆಗಾರನಿಗೆ ಆ ಒಂದು ಲಕ್ಷ ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು. ವಿಮೆಯೂ ಸೇರಿ ಗಾಡಿ ರಸ್ತೆಗಿಳಿಯುವಾಗ ಒಂದೂಕಾಲು ಕೋಟಿಯ ಆಸುಪಾಸು. ಇಷ್ಟು ಹಣ ಕೈಯಲ್ಲೇ ಇರುವವರು ಈ ಸಭೆಯಲ್ಲಿಲ್ಲವಾದ್ದರಿಂದ ಹೊಸ ಗಾಡಿಯ ಮಾತು ಇಷ್ಟು ಸಾಕು.

ಹಳೆಯ ಗಾಡಿಯ ಮಾತೇ ನಮಗೆ ಸಂಬಂಧಪಟ್ಟದ್ದು, ಅಪಾಯವಿರುವುದೂ ಅಲ್ಲಿಯೇ. ಕೋಟಿಯ ಗಾಡಿ ಏಳೆಂಟು ವರ್ಷವಾದ ಮೇಲೆ ಮೂವತ್ತು ನಲವತ್ತು ಲಕ್ಷಕ್ಕೆ ಸಿಕ್ಕುತ್ತದೆಂದರೆ ಯಾರಿಗೆ ಆಸೆಯಾಗದು? ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಡಿಯ ಬೆಲೆ ಇಳಿದಿದೆ. ಅದರ ಬಿಡಿಭಾಗದ ಬೆಲೆ ಇಳಿದಿಲ್ಲ. ಏರ್ ಸಸ್ಪೆನ್ಷನ್ನಿನ ಚೀಲ, ಟರ್ಬೊ, ಗೇರುಪೆಟ್ಟಿಗೆ ಇವೆಲ್ಲಕ್ಕೂ ಕೋಟಿಯ ಗಾಡಿಯ ದರವೇ. ಮೊದಲನೆಯ ಒಡೆಯ ಬೆಲೆ ಇಳಿದುದರ ನಷ್ಟ ಹೊತ್ತ, ವಾರಂಟಿ ಮುಗಿಯುವವರೆಗೆ ಸುಖಪಟ್ಟ, ಖರ್ಚಿನ ಕಾಲ ಹತ್ತಿರ ಬಂತೆಂದು ತಿಳಿದು ಮಾರಿದ. ಆ ಕಾಲವನ್ನು ನೀವು ಹಣ ಕೊಟ್ಟು ಕೊಂಡಿರಿ.

ಸಾಲದ ಲೆಕ್ಕವನ್ನೂ ಮಾಡಿ ತಂದಿದ್ದೇನೆ. ಮೂವತ್ತು ಲಕ್ಷ ಸಾಲ, ನೂರಕ್ಕೆ 12 ಬಡ್ಡಿ, ಐದು ವರ್ಷ. ತಿಂಗಳ ಕಂತು 66,700 ರೂಪಾಯಿಗೆ ಮೇಲೆ. ಐದು ವರ್ಷಕ್ಕೆ ಕಟ್ಟಿದ್ದು ನಲವತ್ತು ಲಕ್ಷ. ಸಂಬಳದವನಿಗೆ ಸಂಬಳ ತಿಂಗಳಿಗೊಮ್ಮೆ, ಕಂತೂ ತಿಂಗಳಿಗೊಮ್ಮೆ. ನಮಗೆ? ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ವರ್ಷಕ್ಕೊಮ್ಮೆ ಹಣ. ಕೊಳೆರೋಗ ಬಿದ್ದರೆ ಅದೂ ಅರ್ಧ. ಎಲೆಚುಕ್ಕಿ ರೋಗ ಬಿದ್ದ ತೋಟಗಳನ್ನು ನೀವೇ ಕಂಡಿದ್ದೀರಿ. ಕಂತಿಗೆ ಕೊಳೆರೋಗವಿಲ್ಲ. ಆ ಹುಡುಗ ನಾಲ್ಕನೆಯ ತಿಂಗಳಿಂದಲೇ ಮಂಡಿಯಲ್ಲಿ ಮುಂಗಡ ಎತ್ತಿ ಕಂತು ಕಟ್ಟುತ್ತಿದ್ದನಂತೆ. ಮುಂಗಡ ತಂದವನು ದರ ಏರುವವರೆಗೆ ಅಡಿಕೆ ಇಟ್ಟುಕೊಳ್ಳಬಲ್ಲನೆ?

ಇಷ್ಟಾದರೂ ಕೊಂಡೇ ತೀರುತ್ತೇನೆ ಎನ್ನುವವರು ಇರುತ್ತಾರೆ. ಅವರಿಗೆ ನನ್ನ ಕಸುಬಿನ ನಾಲ್ಕು ಮಾತು ಹೇಳುತ್ತೇನೆ.

ಮೊದಲು ನೀರು. 2018ರಲ್ಲಿ ಕೇರಳ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರಿನ ಕಡೆ ಬಂಗಲೆಗಳ ಮುಂದೆ ನಿಂತಿದ್ದ ಬೆಲೆಬಾಳುವ ಕಾರುಗಳು ಮುಳುಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ವಿಮೆಯವರು ಪೂರ್ತಿ ನಷ್ಟವೆಂದು ಬರೆದ ಗಾಡಿಗಳು ಹರಾಜಾಗುತ್ತವೆ. ಹರಾಜಾದದ್ದೆಲ್ಲ ಗುಜರಿಗೇ ಹೋಯಿತೆಂದು ನಂಬಬೇಡಿ. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕೆಸರಿನ ಗೆರೆಯಿದ್ದರೆ ಅಲ್ಲಿ ಸಿಕ್ಕುತ್ತದೆ, ಏಕೆಂದರೆ ತೊಳೆಯುವವನು ಅಷ್ಟು ದೂರ ಎಳೆದಿರುವುದಿಲ್ಲ. ಸೀಟಿನಡಿಯ ಕಂಬಿಗಳ ತುಕ್ಕು, ನೆಲಹಾಸಿನ ಕೆಳಗಿನ ವಾಸನೆ ಇವನ್ನು ನೋಡಿ. ಡಿಫರೆನ್ಶಿಯಲ್ಲಿನ ಬಿರಡೆ ತೆಗೆಸಿ ಎಣ್ಣೆ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ. ಹಾಗೆಯೇ ವಿಮೆಯಲ್ಲಿ ಇಂಜಿನ್ನಿಗೆ ಬೇರೆ ರಕ್ಷಣೆ ತೆಗೆದುಕೊಳ್ಳದಿದ್ದರೆ, ಹಳ್ಳ ದಾಟುವಾಗ ಇಂಜಿನ್ನು ನೀರು ಕುಡಿದು ಕನೆಕ್ಟಿಂಗ್ ರಾಡು ಬಾಗಿದರೆ ಸಾಮಾನ್ಯವಾಗಿ ಒಂದು ಕಾಸೂ ಹುಟ್ಟುವುದಿಲ್ಲ.

ಏರ್ ಸಸ್ಪೆನ್ಷನ್ ಇದ್ದರೆ ಗಾಡಿಯನ್ನು ರಾತ್ರಿ ಸಮನೆಲದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಆ ಹುಡುಗ ಇದೊಂದನ್ನು ಮಾಡಿದ್ದರೂ ಸಾಕಾಗಿತ್ತು. ಲೋ ಗೇರು ಇದೆಯೆ, ಹಾಕಿದರೆ ಬೀಳುತ್ತದೆಯೆ ಎಂಬುದನ್ನು ಓಡಿಸಿ ನೋಡಿ. ನೋಟಕ್ಕೆ ಪೈಲ್ವಾನನಂತಿದ್ದು ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳೂ ಧಾರಾಳವಾಗಿವೆ. ಇನ್ನು ಡೀಸೆಲ್ ಗಾಡಿಯ ಹೊಗೆನಾಳದಲ್ಲಿ ಮಸಿ ಹಿಡಿಯುವ ಫಿಲ್ಟರಿರುತ್ತದೆ. ಮನೆಯಿಂದ ಪೇಟೆಗೆ ಮೂರು ಮೈಲಿ ಓಡಿಸಿ ನಿಲ್ಲಿಸುವವನ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಬಹುದೂರ ಓಡಿದ ಗಾಡಿಗಿಂತ, ಪಟ್ಟಣದಲ್ಲಿ ಕಡಮೆ ಓಡಿದ ಗಾಡಿ ಎಷ್ಟೋ ಸಲ ಹೆಚ್ಚು ಕೆಟ್ಟಿರುತ್ತದೆ. ಮೀಟರು ನೋಡಿ ಮೋಸಹೋಗಬೇಡಿ. ಮೀಟರನ್ನು ಹಿಂದಕ್ಕೆ ತಿರುಗಿಸುವವರಂತೂ ಇದ್ದೇ ಇದ್ದಾರೆ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಜನ ಹೆಚ್ಚು ಮುಳುಗಿದ್ದು ಇಲ್ಲಿಯೇ. 2015ರಲ್ಲಿ ಹಸಿರು ನ್ಯಾಯಮಂಡಳಿಯು ದೆಹಲಿಯ ಸೀಮೆಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ತಡೆದ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾಗಿ ಬೇರೆ ರಾಜ್ಯಗಳ ಕಡೆ ಹರಿದವು. ಅಂಥ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಇರುವುದಾದರೆ ಆಕ್ಷೇಪಣೆಯಿಲ್ಲವೆಂಬ ಪತ್ರ ತರಿಸಿ, ಇಲ್ಲಿನ ನಂಬರು ಪಡೆದು, ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು. ದಲ್ಲಾಳಿ ಹೇಳುವ ಅಗ್ಗದ ಬೆಲೆಯಲ್ಲಿ ಇದು ಸೇರಿರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು ದಾಳಿ ಮಾಡಿ ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ಹಿಡಿದರು. ಭೂತಾನಿನಿಂದ ಸುಂಕ ಕಟ್ಟದೆ ತಂದು, ಸುಳ್ಳು ದಾಖಲೆಗಳಿಂದ ನೋಂದಾಯಿಸಿದ್ದಾರೆಂಬುದು ಆರೋಪ. ಅವುಗಳಲ್ಲಿ ಲ್ಯಾಂಡ್ ಕ್ರೂಸರುಗಳೂ ಲ್ಯಾಂಡ್ ರೋವರುಗಳೂ ಇದ್ದವು. ಕೊಂಡವನು ಹಣವನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದರೂ ಗಾಡಿ ಹೋಗುವುದು ಅವನ ಅಂಗಳದಿಂದಲೇ ತಾನೆ? ಮೊದಲ ನೋಂದಣಿ ಎಲ್ಲಿ, ಆಮದಾದದ್ದಾದರೆ ಸುಂಕದ ರಸೀತಿ ಎಲ್ಲಿ ಎಂದು ಕೇಳಿ. ಹಿಂದಿನ ಸಾಲ ತೀರಿದುದಕ್ಕೆ ಫಾರಂ 35, ವರ್ಗಾವಣೆಗೆ 29 ಮತ್ತು 30. ಮಾರುವವರಿಗೂ ಒಂದು ಮಾತು: ವರ್ಗಾವಣೆಯಾಗದೆ ಗಾಡಿ ಅಪಘಾತ ಮಾಡಿದರೆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

ಆ ಹುಡುಗನ ಸಾಲದ ಕರಾರನ್ನು ನಾನು ನೋಡಿದೆ. ಮೂವತ್ತು ಪುಟಕ್ಕೆ ಮೇಲೆ, ಎಲ್ಲವೂ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ಪ್ರತಿ ಪುಟದ ಕೆಳಗೆ ಅವನ ತಂದೆಯ ಕನ್ನಡದ ಸಹಿ. ಏನೆಂದು ಓದಿ ಹೇಳಿದರೆ ಎಂದು ಕೇಳಿದೆ. "ಗುರುತು ಹಾಕಿದ ಕಡೆ ರುಜು ಹಾಕಿ ಅಂದ್ರು, ಹಾಕಿದೆ ಮಾರಾಯ್ರೆ" ಎಂದರು. ಆಡಳಿತ ಜನರ ಭಾಷೆಯಲ್ಲಿರಬೇಕೆಂದು ನಾವು ಇಷ್ಟು ವರ್ಷ ಕೂಗಿದ್ದು ವಿಧಾನಸೌಧದ ಬೋರ್ಡಿಗಾಗಿ ಮಾತ್ರವೇ? ತೋಟ ಬರೆದುಕೊಡುವ ಕಾಗದವನ್ನು ಕನ್ನಡದಲ್ಲಿ ಕೊಡಿ, ಇಲ್ಲವಾದರೆ ಸಹಿ ಇಲ್ಲ ಎಂದು ಪ್ರತಿಯೊಬ್ಬರೂ ಕೇಳತಕ್ಕದ್ದು. ಈ ಸಭೆ ಅದನ್ನೊಂದು ನಿರ್ಣಯವಾಗಿ ಬರೆದುಕೊಳ್ಳಲಿ ಎಂದು ಅಧ್ಯಕ್ಷರನ್ನು ಕೋರುತ್ತೇನೆ.

ಗುಡ್ಡ ಹತ್ತುವ ಆಸೆ ತಪ್ಪೆಂದು ನಾನು ಹೇಳಲಾರೆ, ನನಗೂ ಇದೆ. ಕೊಲ್ಲೂರಿನಿಂದಲೂ ನಿಟ್ಟೂರಿನಿಂದಲೂ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ನಮ್ಮ ಜೀಪುಗಳನ್ನು ನೋಡಿ. ಎಷ್ಟು ಸಲ ಬೆಸುಗೆ ಕಂಡಿವೆಯೋ ಲೆಕ್ಕವಿಲ್ಲ. ಕಲ್ಲುಬಂಡೆಯ ಮೇಲೆ, ಜಾರುವ ಕೆಮ್ಮಣ್ಣಿನ ಮೇಲೆ ಅವು ಹತ್ತುತ್ತವೆ, ಇಳಿಯುತ್ತವೆ, ಸಂಜೆ ಒಂದು ಕುಟುಂಬಕ್ಕೆ ಅನ್ನ ಹಾಕುತ್ತವೆ. ಕಮಾನು ಪಟ್ಟಿ ಮುರಿದರೆ ಮಧ್ಯಾಹ್ನದೊಳಗೆ ಹಾಕಿ ಕಳಿಸುತ್ತೇವೆ. ತೋಟದ ದಾರಿಗೆ ನಿಜವಾಗಿ ನಾಲ್ಕು ಚಕ್ರದ ಶಕ್ತಿ ಬೇಕಾದವನಿಗೆ ಅಂಥದೊಂದು ಹಳೆಯ ಜೀಪೋ, ಜಿಪ್ಸಿಯೋ, ಅನುಕೂಲವಿದ್ದರೆ ಥಾರೋ ಸಾಕು ಎಂಬುದು ನನ್ನ ಅಭಿಪ್ರಾಯ. ಮದುವೆಮನೆಯ ಮುಂದೆ ನಿಲ್ಲಿಸಲು ಬೇಕಾದರೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿ, ನಾನೂ ಬಂದು ಕುಳಿತುಕೊಳ್ಳುತ್ತೇನೆ.

ಆ ಗಾಡಿ ಈಗಲೂ ನಮ್ಮ ಷೆಡ್ಡಿನ ಹಿಂದೆ ಟಾರ್ಪಾಲು ಹೊದ್ದು ನಿಂತಿದೆ. ಚೀಲ ಬದಲಿಸಲು ಹಣವಿಲ್ಲ, ಬದಲಿಸದೆ ಕೊಳ್ಳುವವರಿಲ್ಲ, ಕಂತು ನಿಂತಿಲ್ಲ. ಈ ಸಭೆಯಲ್ಲಿರುವ ವಕೀಲರೊಬ್ಬರು ಆ ಕರಾರನ್ನು ಓದಿ ನೋಡಲು ಒಪ್ಪಿದ್ದಾರೆ, ಅವರಿಗೆ ಕೃತಜ್ಞತೆ. ಇನ್ನು ಯಾರಾದರೂ ಹಳೆಯ ಗಾಡಿ ನೋಡಿಟ್ಟಿದ್ದರೆ ಮುಂಗಡ ಕೊಡುವ ಮುಂಚೆ ನನ್ನ ಬಳಿಗೆ ತನ್ನಿ, ದುಡ್ಡು ಬೇಡ. ಹಿಂದಿನ ಸಂಜೆಯೇ ತಂದು ನಿಲ್ಲಿಸಿ. ಬೆಳಿಗ್ಗೆ ನಾನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಕೂಡದು.