ಬಿಸಿಗಾಳಿಯೇರುವ ರಣಹದ್ದು



ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆ ಬೆಳಗಾಗುವುದು ಸ್ವಲ್ಪ ತಡವಾಗಿ. ಅಲ್ಲಿ ಉಳಿದಿರುವ ಕೆಲವೇ ಉದ್ದಕೊಕ್ಕಿನ ರಣಹದ್ದುಗಳು ಬಂಡೆಯಂಚಿನಲ್ಲಿ ಕುಳಿತು ಬಿಸಿಲೇರುವುದನ್ನೇ ಕಾಯುತ್ತವೆ. ಕಲ್ಲು ಕಾದು ಬೆಚ್ಚನೆಯ ಗಾಳಿ ಮೇಲೇಳತೊಡಗಿದಾಗ, ರೆಕ್ಕೆ ಬಿಚ್ಚಿ ಅದರೊಳಕ್ಕೆ ಜಾರುತ್ತವೆ. ಬೈನಾಕ್ಯುಲರ್ ಹಿಡಿದು ನೋಡಿ: ರೆಕ್ಕೆತುದಿಯ ಗರಿಗಳು ಬೆರಳುಗಳಂತೆ ಬಿಡಿಬಿಡಿಯಾಗಿ, ಗಾಳಿಯ ಒತ್ತಡಕ್ಕೆ ಮೇಲಕ್ಕೆ ಬಾಗಿರುತ್ತವೆ. ರೆಕ್ಕೆ ಬಡಿಯದೆ, ಸುತ್ತು ಹಾಕುತ್ತಲೇ ಹಕ್ಕಿ ಮುಗಿಲೆತ್ತರಕ್ಕೆ ಏರುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಎಷ್ಟು ಹಗುರವಾದ ಹಾರಾಟ!

ಈ ನೋಟ ಅಪರೂಪವಾದದ್ದು ನಮ್ಮಿಂದಲೇ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಒಡಲು ಸೇರಿ ಮೂತ್ರಪಿಂಡವನ್ನೇ ಕೆಡಿಸಿತು. ದೇಶದಾದ್ಯಂತ ಅವನ್ನು ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಬಂತು. 2012ರಲ್ಲಿ ಈ ಬೆಟ್ಟ ರಣಹದ್ದುಗಳ ವನ್ಯಜೀವಿಧಾಮವಾಯಿತು.

ನೋಡಿ ಸಂತೋಷಪಡುವವರಿಗೆ ಕಾಯುವ ಹೊಣೆಯೂ ಇದೆ. ನಿಮ್ಮ ಹಟ್ಟಿಯ ಹಸುವಿಗೆ ನೋವು, ಬಾವು ಬಂದಾಗ, ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಂ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿ. ಬೆಟ್ಟಕ್ಕೆ ಹೋದರೆ ಗದ್ದಲ ಮಾಡದೆ, ಗೂಡಿರುವ ಬಂಡೆಗಳಿಂದ ದೂರ ನಿಂತು, ತಲೆಯೆತ್ತಿ ಕಣ್ತುಂಬ ನೋಡಿ.