ನದಿ ಕೆಟ್ಟದ್ದು ಯಾರಿಗೆ ಕಂಡಿತು?



ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಕಟ್ಟಿಗೆಯಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಅದರ ಹೊಲಸು ನೀರು ಸೇರಿದ್ದು ತುಂಗಭದ್ರೆಗೆ. ಕೆಳಗಿನ ಹಳ್ಳಿಗಳವರಿಗೆ ನೀರಿನ ಬಣ್ಣ, ನಾತ, ತೇಲಿಬಂದ ಸತ್ತ ಮೀನು ಕಣ್ಣೆದುರೇ ಇದ್ದವು. ಆದರೂ ಅದು ಬಹುಕಾಲ ಆಯಾ ಊರಿನ ತಾಪತ್ರಯವಾಗಿಯೇ ಉಳಿಯಿತು. ಕಾರ್ಖಾನೆಯ ಲೆಕ್ಕದಲ್ಲಿ ಅಪಾಯವೆಂದರೆ ಕೆಲಸ ನಿಲ್ಲುವುದು. ಕೂಲಿ ನಂಬಿದ ಮನೆಗಳ ಆ ಭಯವೂ ಸುಳ್ಳಲ್ಲ.

1984ರಲ್ಲಿ ಎಸ್.ಆರ್. ಹಿರೇಮಠರು ಮತ್ತು ಸಂಗಡಿಗರು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಕಟ್ಟಿದರು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಸುತ್ತಿನ ಹಳ್ಳಿಗಳಲ್ಲಿ ಮೊದಲೇ ಓಡಾಡಿದವರು ಅವರು. ಮೀನುಗಾರರ ದೂರು, ದನಗಾಹಿಗಳ ದೂರು ಒಂದೆಡೆ ಕೂಡಿದಾಗ ಅದು ಇಡೀ ನದಿಯ ಪ್ರಶ್ನೆಯಾಯಿತು.

ಅದೇ ವರ್ಷ ಸರ್ಕಾರವೂ ಕಾರ್ಖಾನೆಯೂ ಪಾಲುದಾರರಾದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಸಾಮುದಾಯಿಕ ಭೂಮಿ ಕೊಡುವ ಯೋಜನೆ ಬಂತು. ಅರಣ್ಯ ಇಲಾಖೆಗೆ ಅದು ಅರಣ್ಯೀಕರಣ. ಹಳ್ಳಿಗೆ ಮೇವು, ಉರುವಲು ಕೈತಪ್ಪುವ ಹೊತ್ತು. ಸಾಹಿತಿ ಶಿವರಾಮ ಕಾರಂತರೂ ಅರ್ಜಿದಾರರಾಗಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಕೊನೆಗೆ ಕಂಪನಿಯೇ ಮುಚ್ಚಿತು.

ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಮತ್ತು ರಾಜ್ಯಶಾಸ್ತ್ರಜ್ಞ ಆರನ್ ವಿಲ್ಡಾವ್ಸ್ಕಿ ಅಪಾಯದ ಕುರಿತ 1982ರ ತಮ್ಮ ಪುಸ್ತಕದಲ್ಲಿ, ಯಾವ ಅಪಾಯಕ್ಕೆ ಅಂಜಬೇಕೆಂಬುದನ್ನು ಸಮಾಜದ ಕಟ್ಟುಪಾಡುಗಳೇ ಆರಿಸುತ್ತವೆ ಎಂದರು. ಅದು ನನಗೆ ಒಪ್ಪಿಗೆ. ಪರಿಸರ ಸಂಘಟನೆಗಳು ತಮ್ಮ ಒಗ್ಗಟ್ಟಿಗಾಗಿ ಭಯ ಬೆಳೆಸುತ್ತವೆ ಎಂಬ ಅವರ ಗುಮಾನಿ ಮಾತ್ರ ಒಪ್ಪಿಗೆಯಿಲ್ಲ. ಇಲ್ಲಿ ಸಂಘಟನೆ ಹುಟ್ಟುವ ಮೊದಲೇ ನದಿ ಕೆಟ್ಟಿತ್ತು.

ಯಾರ ನಷ್ಟ ಯಾರಿಗೆ ಕಾಣುತ್ತದೆ ಎಂಬ ಇದೇ ಪ್ರಶ್ನೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲೂ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಲೇ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿತು, ವಾಹನಗಳು ಸುಟ್ಟವು. ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮಾರುಕಟ್ಟೆ ಏನನ್ನು ಬರೆದಿಡುತ್ತದೆ ನೋಡಿ: ಎಷ್ಟು ಚೀಲ ಆವಕ, ಯಾವ ಲಾಟಿಗೆ ಯಾವ ಟೆಂಡರ್ ದರ. ಬೀಜಕ್ಕೆ ಮಾಡಿದ ಸಾಲ, ಕಾಯಿ ಬಿಡಿಸಿದ ಕೂಲಿ, ಕೋಲ್ಡ್ ಸ್ಟೋರೇಜಿನ ಬಾಡಿಗೆ ಆ ದಾಖಲೆಯಲ್ಲಿಲ್ಲ. ಹೀಗಾಗಿ ದರ ಬಿದ್ದದ್ದು ಕಚೇರಿಗೆ ಅಂದಿನ ಪೇಟೆಯ ಸುದ್ದಿ, ರೈತನಿಗೆ ಇಡೀ ವರ್ಷದ ನಷ್ಟ. ತುಂಗಭದ್ರೆಯ ದಂಡೆಯಲ್ಲಿ ನಡೆದಂತೆ, ಹಂಗಾಮಿಗೆ ಮುಂಚೆಯೇ ಈ ಲೆಕ್ಕವನ್ನು ಹಳ್ಳಿ ಹಳ್ಳಿಯಿಂದ ಕೂಡಿಸಿ ಎಪಿಎಂಸಿಯ ಮುಂದಿಡುವ ಕೆಲಸವನ್ನು ಇಲ್ಲಿಯ ರೈತ ಸಂಘಟನೆಗಳು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬೇಡಿಕೆ.